ಒಂದೇ ಪ್ರಾಜೆಕ್ಟ್, ಹಲವು ಎಡಿಟರ್: ಎಡಿಟರ್ ಫೈಲ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್ ತಂಡಗಳಿಂದ, ವಿದ್ಯಾನಗರ, ಗೋಕುಲ ರಸ್ತೆಯ ಸಣ್ಣ ಆಫೀಸುಗಳಿಂದ, ಧಾರವಾಡದ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವವರಿಂದ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ. ಉದಾಹರಣೆಗೆಲ್ಲ ಒಂದೇ ಪ್ರಾಜೆಕ್ಟ್ ಹಿಡಿದಿದ್ದೇವೆ: ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸುಗಳ ವೇಳೆ ತೋರಿಸುವ ಒಂದು ಕಲ್ಪನೆಯ ಆ್ಯಪ್. ಸರ್ವರ್ ಜಾವಾದಲ್ಲಿ, ಪರದೆ ಜಾವಾಸ್ಕ್ರಿಪ್ಟ್‌ನಲ್ಲಿ. ಕೋಡ್ ಬರೆಯುವ ಎಡಿಟರ್ ಆಗಿ ತಂಡದಲ್ಲಿ ಇಬ್ಬರು ಇಂಟೆಲ್ಲಿಜೆ, ಇಬ್ಬರು ವಿಎಸ್ ಕೋಡ್, ಒಬ್ಬರು ವಿಮ್ ಬಳಸುತ್ತಾರೆ. ಫೈಲ್ ಹೆಸರು, ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

## ಮೊದಲ ಮಾತು

ಎಡಿಟರ್ ಫೈಲ್ ಅಂದ್ರ ಯಾವ್ಯಾವು? ನಾ ಮಾಡಿಲ್ಲ, ತಾವಾಗೇ ಎಲ್ಲಿಂದ ಬರ್ತಾವು?

ಫೋಲ್ಡರ್ ತೆರೆದ ಕೂಡಲೇ ಅಥವಾ ಮೊದಲ ಸಲ ಏನಾದರೂ ಸೆಟ್ಟಿಂಗ್ ಬದಲಿಸಿದಾಗ ಎಡಿಟರ್ ತನಗೆ ಬೇಕಾದ ಮಾಹಿತಿಯನ್ನು ಪ್ರಾಜೆಕ್ಟಿನೊಳಗೇ ಬರೆದಿಡುತ್ತದೆ. ವಿಎಸ್ ಕೋಡ್‌ನದು .ವಿಎಸ್‌ಕೋಡ್ ಫೋಲ್ಡರ್. ಇಂಟೆಲ್ಲಿಜೆ, ಪೈಚಾರ್ಮ್, ವೆಬ್‌ಸ್ಟಾರ್ಮ್, ಆಂಡ್ರಾಯ್ಡ್ ಸ್ಟುಡಿಯೋ ಎಲ್ಲದರದೂ .ಐಡಿಯಾ. ಎಕ್ಲಿಪ್ಸ್ .ಪ್ರಾಜೆಕ್ಟ್, .ಕ್ಲಾಸ್‌ಪಾಥ್ ಎಂಬ ಫೈಲ್‌ಗಳನ್ನೂ .ಸೆಟ್ಟಿಂಗ್ಸ್ ಫೋಲ್ಡರನ್ನೂ ಇಡುತ್ತದೆ. ವಿಷುವಲ್ ಸ್ಟುಡಿಯೋದ್ದು .ವಿಎಸ್. ವಿಮ್ ತೆರೆದಿರುವಷ್ಟು ಹೊತ್ತು .ಎಸ್‌ಡಬ್ಲ್ಯೂಪಿ ಫೈಲ್ ಇಟ್ಟಿರುತ್ತದೆ. ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಲಿನಕ್ಸ್, ಮ್ಯಾಕ್‌ನಲ್ಲಿ ಇವು ಸುಮ್ಮನೆ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಟ್ಟು ತಂಡದೊಳಗೆ ಹಂಚುವ ಸಾಧನ) "ಗಿಟ್ ಆ್ಯಡ್ ." ಎಂದು ಕಣ್ಣುಮುಚ್ಚಿ ಹೊಡೆದಾಗ ಇವೂ ಒಳಗೆ ಸೇರುತ್ತವೆ.

ಗಿಟ್‌ನ್ಯಾಗ ಹಾಕಬೇಕೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳ್ರಿ.

ಒಂದು ಮಾತಿನಲ್ಲಿ ಹೇಳಬೇಕೆಂದರೆ: ಫೋಲ್ಡರ್ ನೋಡಿ ತೀರ್ಮಾನ ಮಾಡಬೇಡಿ, ಫೈಲ್ ನೋಡಿ ಮಾಡಿ. ಅದೇ .ಐಡಿಯಾ ಒಳಗೆ ಇಡೀ ತಂಡಕ್ಕೆ ಬೇಕಾದ ಕೋಡ್ ಶೈಲಿಯ ಫೈಲೂ ಇರುತ್ತದೆ, ನಿನ್ನೆ ನೀವು ಯಾವ ಟ್ಯಾಬ್ ತೆರೆದಿದ್ದಿರಿ ಎಂಬ ಚಿಲ್ಲರೆ ಲೆಕ್ಕವೂ ಇರುತ್ತದೆ.

ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಿ. ಅದರಲ್ಲಿ ನಿಮ್ಮ ಲ್ಯಾಪ್‌ಟಾಪಿನ ದಾರಿ (ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು) ಇದ್ದರೆ ಅದು ಹೊರಗೆ. ನೀವು ಏನೂ ತಿದ್ದದಿದ್ದರೂ ಎಡಿಟರ್ ಮುಚ್ಚಿ ತೆಗೆದಾಗಲೆಲ್ಲ ಬದಲಾಗುತ್ತಿದ್ದರೆ ಅದೂ ಹೊರಗೆ. ಪಾಸ್‌ವರ್ಡ್, ಕೀ, ಟೋಕನ್ ಇದ್ದರಂತೂ ಕೇಳುವುದೇ ಬೇಡ. ಈ ಮೂರೂ ಇಲ್ಲದೆ, ನಾಳೆ ಸೇರುವ ಹೊಸಬರ ಅರ್ಧ ದಿನ ಉಳಿಸುವಂಥ ಫೈಲ್ ಆಗಿದ್ದರೆ ಒಳಗೆ ಹಾಕಿ.

ನಮ್ಮ ಸೀನಿಯರ್ ಪೂರಾ ಫೋಲ್ಡರನ್ನೇ ಇಗ್ನೋರ್ ಮಾಡ್ರಿ ಅಂತಾರ. ತಪ್ಪೇನ್ರಿ?

ತಪ್ಪಲ್ಲ. ಇಗ್ನೋರ್ ಅಂದರೆ .ಗಿಟ್‌ಇಗ್ನೋರ್ ಎಂಬ ಪಟ್ಟಿಯಲ್ಲಿ ಹೆಸರು ಬರೆದು ಗಿಟ್ ಅದನ್ನು ಬಿಡುವಂತೆ ಮಾಡುವುದು. ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟುವ ಕೆಲಸ) ಪೂರ್ತಿ ಮೇವನ್, ಗ್ರೇಡಲ್, ಎನ್‌ಪಿಎಂನಂಥ ಸಾಧನಗಳ ಕೈಯಲ್ಲಿದ್ದು, ಫಾರ್ಮ್ಯಾಟಿಂಗ್‌ಗೆ ಬೇರೆ ಸಾಧನ ಇದ್ದರೆ ಎಡಿಟರ್ ಫೋಲ್ಡರ್ ಇಲ್ಲದೆಯೂ ಬಂಡಿ ಓಡುತ್ತದೆ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಲ್ಲಿ ಇದೇ ರೂಢಿ ಹೆಚ್ಚು, ಯಾಕೆಂದರೆ ಅಲ್ಲಿ ಯಾರು ಯಾವ ಎಡಿಟರ್ ತರುತ್ತಾರೋ ಗೊತ್ತಿರುವುದಿಲ್ಲ. ಆದರೆ ಐದು ಜನರ ತಂಡದಲ್ಲಿ ಡಿಬಗ್ ಮಾಡುವ (ಕೋಡ್ ಓಡಿಸಿ ತಪ್ಪು ಹುಡುಕುವ) ಸಂರಚನೆಯನ್ನು ಪ್ರತಿಯೊಬ್ಬರೂ ಮೊದಲಿಂದ ಕಟ್ಟಿಕೊಳ್ಳುವುದು ವ್ಯರ್ಥ. ನಮ್ಮ ಮತ ಆಯ್ದು ಹಾಕುವುದರ ಕಡೆಗೇ. ಸೀನಿಯರ್ ಒಪ್ಪದಿದ್ದರೆ ಇದಕ್ಕಾಗಿ ವಾದ ಬೆಳೆಸಬೇಡಿ; ಎಲ್ಲ ಎಡಿಟರ್‌ಗೂ ಒಂದೇ ಇಂಡೆಂಟ್ (ಸಾಲಿನ ಮೊದಲ ಖಾಲಿ ಜಾಗ), ಸಾಲಿನ ನಿಯಮ ಹೇಳುವ .ಎಡಿಟರ್‌ಕಾನ್ಫಿಗ್ ಒಂದಕ್ಕೆ ಒಪ್ಪಿಸಿದರೆ ಮುಕ್ಕಾಲು ಲಾಭ ಸಿಕ್ಕಿತು. ಅದರ ವಿಷಯ ಕೆಳಗಿದೆ.

ವಿಷುವಲ್ ಸ್ಟುಡಿಯೋದ .ಎಸ್‌ಎಲ್‌ಎನ್ ಫೈಲೂ ಇಗ್ನೋರ್ ಮಾಡಿದ್ವಿ. ಈಗ ಯಾರ ಕಡೇನೂ ಪ್ರಾಜೆಕ್ಟ್ ಓಪನ್ ಆಗವಲ್ದು.

ಅದು ಎಡಿಟರ್ ಫೈಲ್ ಅಲ್ಲ, ಪ್ರಾಜೆಕ್ಟಿನ ಬೆನ್ನೆಲುಬು. .ಎಸ್‌ಎಲ್‌ಎನ್, .ಸಿಎಸ್‌ಪ್ರಾಜ್ ಎರಡನ್ನೂ ಕಡ್ಡಾಯವಾಗಿ ಕಮಿಟ್ ಮಾಡಬೇಕು (ಗಿಟ್‌ನ ದಾಖಲೆಗೆ ಸೇರಿಸಬೇಕು). ಬಿಲ್ಡ್ ಅವುಗಳಿಂದಲೇ ಆಗುವುದು. ಬಿಡಬೇಕಾದದ್ದು .ವಿಎಸ್ ಫೋಲ್ಡರ್, .ಎಸ್‌ಯುಒ ಮತ್ತು .ಯೂಸರ್ ಎಂದು ಕೊನೆಯಾಗುವ ಫೈಲ್‌ಗಳು, ಜೊತೆಗೆ ಬಿನ್ ಮತ್ತು ಒಬಿಜೆ. ಎಕ್ಸ್‌ಕೋಡ್‌ನಲ್ಲೂ ಹೀಗೇ: ಪ್ರಾಜೆಕ್ಟ್.ಪಿಬಿಎಕ್ಸ್‌ಪ್ರಾಜ್ ಒಳಗೆ, ಎಕ್ಸ್‌ಸಿಯೂಸರ್‌ಡೇಟಾ ಹೊರಗೆ, ತಂಡಕ್ಕೆ ಹಂಚುವ ಸ್ಕೀಮ್‌ಗಳಿರುವ ಎಕ್ಸ್‌ಸಿಶೇರ್ಡ್‌ಡೇಟಾ ಒಳಗೆ.

## ಎಡಿಟರ್ ಹಿಡಿದು

.ವಿಎಸ್‌ಕೋಡ್ ಒಳಗಿನ ಯಾವ ಫೈಲ್ ಹಾಕೂದು, ಯಾವುದು ಬಿಡೂದು? ಗಿಟ್‌ಇಗ್ನೋರ್‌ನ್ಯಾಗ ಹ್ಯಾಂಗ ಬರೀಬೇಕು?

ಸಾಮಾನ್ಯವಾಗಿ ನಾಲ್ಕು ಫೈಲ್‌ಗಳು ತಂಡದವು. ಸೆಟ್ಟಿಂಗ್ಸ್.ಜೆಸನ್ ಪ್ರಾಜೆಕ್ಟಿನ ನಿಯಮ ಹೇಳುತ್ತದೆ, ಲಾಂಚ್.ಜೆಸನ್ ಡಿಬಗ್ ಹೇಗೆ ಶುರು ಮಾಡಬೇಕೆಂದು ಹೇಳುತ್ತದೆ, ಟಾಸ್ಕ್ಸ್.ಜೆಸನ್‌ನಲ್ಲಿ ಬಿಲ್ಡ್, ಟೆಸ್ಟ್ ಕೆಲಸಗಳು, ಎಕ್ಸ್‌ಟೆನ್ಶನ್ಸ್.ಜೆಸನ್‌ನಲ್ಲಿ ಯಾವ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಒಳ್ಳೆಯದೆಂಬ ಪಟ್ಟಿ. ಉಳಿದದ್ದನ್ನು ಬಿಡಿ:

```
.ವಿಎಸ್‌ಕೋಡ್/*
!.ವಿಎಸ್‌ಕೋಡ್/ಸೆಟ್ಟಿಂಗ್ಸ್.ಜೆಸನ್
!.ವಿಎಸ್‌ಕೋಡ್/ಲಾಂಚ್.ಜೆಸನ್
!.ವಿಎಸ್‌ಕೋಡ್/ಟಾಸ್ಕ್ಸ್.ಜೆಸನ್
!.ವಿಎಸ್‌ಕೋಡ್/ಎಕ್ಸ್‌ಟೆನ್ಶನ್ಸ್.ಜೆಸನ್
```

ಮೊದಲ ಸಾಲಿನ ಕೊನೆಯ ನಕ್ಷತ್ರ ಚಿಹ್ನೆಯನ್ನು ಮರೆಯಬೇಡಿ. ಬರೀ ".ವಿಎಸ್‌ಕೋಡ್/" ಎಂದು ಬರೆದರೆ ಗಿಟ್ ಆ ಫೋಲ್ಡರ್ ಒಳಗೆ ಇಣುಕುವುದೇ ಇಲ್ಲ, ಆಮೇಲೆ ಆಶ್ಚರ್ಯ ಚಿಹ್ನೆ ಹಚ್ಚಿ ಎಷ್ಟು ಸಾಲು ಬರೆದರೂ ಒಂದೂ ನಡೆಯುವುದಿಲ್ಲ. ನಕ್ಷತ್ರ ಇದ್ದರೆ ಗಿಟ್ ಒಳಗೆ ಹೋಗಿ ಒಂದೊಂದೇ ಫೈಲ್ ನೋಡುತ್ತದೆ. ಸಾಲುಗಳ ಕ್ರಮವೂ ಮುಖ್ಯ, ಯಾಕೆಂದರೆ ಒಂದೇ ಫೈಲಿಗೆ ಎರಡು ನಿಯಮ ತಾಗಿದರೆ ಕೊನೆಯದೇ ಗೆಲ್ಲುತ್ತದೆ.

ನಂಗ ಫಾಂಟ್ 18 ಬೇಕು, ಅವಂಗ 12 ಸಾಕು. ಸೆಟ್ಟಿಂಗ್ಸ್ ಫೈಲ್ ಸಲುವಾಗಿ ದಿನಾ ಇದ ಜಗಳ.

ಫಾಂಟ್ ಗಾತ್ರ, ಬಣ್ಣದ ಥೀಮ್, ಮಿನಿಮ್ಯಾಪ್, ಕೀಬೋರ್ಡ್ ಶಾರ್ಟ್‌ಕಟ್ ಇವು ಕಣ್ಣಿಗೆ, ಕೈಗೆ ಸಂಬಂಧಿಸಿದವು. ಪ್ರಾಜೆಕ್ಟಿನ ಸೆಟ್ಟಿಂಗ್ಸ್‌ನಲ್ಲಿ ಅವಕ್ಕೆ ಜಾಗವಿಲ್ಲ. ವಿಎಸ್ ಕೋಡ್‌ನಲ್ಲಿ ಸೆಟ್ಟಿಂಗ್ಸ್ ಪರದೆ ತೆರೆದಾಗ ಮೇಲೆ "ಯೂಸರ್" ಮತ್ತು "ವರ್ಕ್‌ಸ್ಪೇಸ್" ಎಂದು ಎರಡು ಟ್ಯಾಬ್ ಇರುತ್ತವೆ. ಯೂಸರ್‌ನಲ್ಲಿ ಬದಲಿಸಿದ್ದು ನಿಮ್ಮ ಮಷೀನಿನಲ್ಲೇ ಉಳಿಯುತ್ತದೆ. ವರ್ಕ್‌ಸ್ಪೇಸ್‌ನಲ್ಲಿ ಬದಲಿಸಿದ್ದು ಪ್ರಾಜೆಕ್ಟಿನ ಸೆಟ್ಟಿಂಗ್ಸ್.ಜೆಸನ್‌ಗೆ ಬೀಳುತ್ತದೆ. ಎರಡೂ ಕಡೆ ಒಂದೇ ಸೆಟ್ಟಿಂಗ್ ಇದ್ದರೆ ವರ್ಕ್‌ಸ್ಪೇಸ್‌ನದೇ ನಡೆಯುತ್ತದೆ. ಜಗಳದ ಮೂಲ ಇದೇ: ಯಾರೋ ಗಮನಿಸದೆ ಎರಡನೇ ಟ್ಯಾಬ್‌ನಲ್ಲಿ ನಿಂತು ಫಾಂಟ್ ಬದಲಿಸಿರುತ್ತಾರೆ.

ಪ್ರಾಜೆಕ್ಟಿನ ಫೈಲಿನಲ್ಲಿ ಇರಬಹುದಾದವು: ಸೇವ್ ಮಾಡುವಾಗ ಫಾರ್ಮ್ಯಾಟ್ ಆಗಬೇಕೇ, ಯಾವ ಫಾರ್ಮ್ಯಾಟರ್, ಹುಡುಕಾಟದಿಂದ ಯಾವ ಫೋಲ್ಡರ್ ಬಿಡಬೇಕು, ಟೈಪ್‌ಸ್ಕ್ರಿಪ್ಟ್‌ನ ಯಾವ ಪ್ರತಿ ಬಳಸಬೇಕು. ಹತ್ತು-ಹದಿನೈದು ಸಾಲು ದಾಟಿದರೆ ಯಾರದೋ ಸ್ವಂತ ಸಾಮಾನು ಒಳಗೆ ಬಂದಿದೆ ಎಂದೇ ಅನುಮಾನಿಸಿ.

ಸ್ವಂತಕ್ಕೆ ಮಾತ್ರ ಬೇಕಾದ ಇನ್ನೊಂದು ಸೆಟ್ಟಿಂಗ್ಸ್ ಫೈಲ್ ಪಕ್ಕದಲ್ಲಿಡುವ ಸೌಲಭ್ಯ ವಿಎಸ್ ಕೋಡ್‌ನಲ್ಲಿ ಇಲ್ಲ. ಈ ಪ್ರಾಜೆಕ್ಟಿಗಷ್ಟೇ ಬೇರೆ ಬಣ್ಣ ಬೇಕೆಂದರೆ ರೆಪೊದ (ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್ ಫೋಲ್ಡರ್) ಹೊರಗೆ ಒಂದು .ಕೋಡ್-ವರ್ಕ್‌ಸ್ಪೇಸ್ ಫೈಲ್ ಮಾಡಿ, ಅದರಲ್ಲಿ ಪ್ರಾಜೆಕ್ಟ್ ಫೋಲ್ಡರಿನ ದಾರಿ ಕೊಟ್ಟು, ನಿಮ್ಮ ಸೆಟ್ಟಿಂಗ್ ಅಲ್ಲಿ ಬರೆದು, ಯಾವಾಗಲೂ ಆ ಫೈಲಿನಿಂದಲೇ ತೆರೆಯಿರಿ.

ಇಂಟೆಲ್ಲಿಜೆಯ .ಐಡಿಯಾ ಫೋಲ್ಡರ್‌ನಲ್ಲಿ ಯಾವುದನ್ನು ಹಂಚಿಕೊಳ್ಳಬೇಕು?

ಹೊಸ ಪ್ರಾಜೆಕ್ಟ್ ಮಾಡಿದಾಗ ಇಂಟೆಲ್ಲಿಜೆ ತಾನೇ .ಐಡಿಯಾ ಒಳಗೊಂದು .ಗಿಟ್‌ಇಗ್ನೋರ್ ಇಡುತ್ತದೆ. ಅದನ್ನು ಅಳಿಸಬೇಡಿ. ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್, ಶೆಲ್ಫ್ ಫೋಲ್ಡರ್ ಅದರಲ್ಲಿ ಇದ್ದೇ ಇರುತ್ತವೆ. ತೆರೆದ ಟ್ಯಾಬ್, ಕಿಟಕಿಗಳ ಜಾಗ, ಬ್ರೇಕ್‌ಪಾಯಿಂಟ್ ಎಲ್ಲ ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್‌ಗೆ ಹೋಗುವುದರಿಂದ ಅದು ನಿಮಿಷಕ್ಕೊಮ್ಮೆ ಬದಲಾಗುತ್ತಿರುತ್ತದೆ. ಒಮ್ಮೆ ಕಮಿಟ್ ಆಯಿತೆಂದರೆ ಪ್ರತಿ ಮರ್ಜ್‌ನಲ್ಲೂ (ಇಬ್ಬರ ಬದಲಾವಣೆ ಒಂದುಗೂಡಿಸುವಾಗ) ಕಾನ್‌ಫ್ಲಿಕ್ಟ್, ಅಂದರೆ ಒಂದೇ ಜಾಗಕ್ಕೆ ಎರಡು ಬದಲಾವಣೆಯ ತಿಕ್ಕಾಟ.

ಹಂಚಿಕೊಳ್ಳಲು ಯೋಗ್ಯವಾದವು: ಕೋಡ್‌ಸ್ಟೈಲ್ಸ್ ಫೋಲ್ಡರ್, ಇನ್‌ಸ್ಪೆಕ್ಷನ್‌ಪ್ರೊಫೈಲ್ಸ್ ಫೋಲ್ಡರ್, ಎನ್‌ಕೋಡಿಂಗ್ಸ್.ಎಕ್ಸ್‌ಎಂಎಲ್, ವಿಸಿಎಸ್.ಎಕ್ಸ್‌ಎಂಎಲ್. ಕೋಡ್ ಶೈಲಿ ಹಂಚುವ ಮೊದಲು ಸೆಟ್ಟಿಂಗ್ಸ್‌ನ ಎಡಿಟರ್ ಭಾಗದಲ್ಲಿ ಕೋಡ್ ಸ್ಟೈಲ್‌ಗೆ ಹೋಗಿ ಸ್ಕೀಮ್ "ಪ್ರಾಜೆಕ್ಟ್" ಎಂದಿದೆಯೇ ನೋಡಿ. "ಡೀಫಾಲ್ಟ್" ಎಂದಿದ್ದರೆ ನೀವು ಮಾಡಿದ ಬದಲಾವಣೆ ಪ್ರಾಜೆಕ್ಟಿಗೆ ಬರುವುದೇ ಇಲ್ಲ. ರನ್ ಕಾನ್ಫಿಗರೇಶನ್ ಕೂಡ ಹಾಗೇ: ಆ ಕಿಟಕಿಯಲ್ಲಿ "ಸ್ಟೋರ್ ಆ್ಯಸ್ ಪ್ರಾಜೆಕ್ಟ್ ಫೈಲ್" ಎಂಬ ಚೌಕಕ್ಕೆ ಟಿಕ್ ಹಾಕಿದರೆ ಮಾತ್ರ ಅದು ಬೇರೆ ಫೈಲಾಗಿ ಉಳಿದು ಎಲ್ಲರಿಗೂ ಸಿಗುತ್ತದೆ. ಇಲ್ಲದಿದ್ದರೆ ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್ ಒಳಗೇ ಹುದುಗಿರುತ್ತದೆ.

ಮೇವನ್ ಅಥವಾ ಗ್ರೇಡಲ್ ಪ್ರಾಜೆಕ್ಟಾದರೆ ಮಾಡ್ಯೂಲ್ಸ್.ಎಕ್ಸ್‌ಎಂಎಲ್, .ಐಎಂಎಲ್ ಫೈಲ್‌ಗಳು, ಲೈಬ್ರರೀಸ್ ಫೋಲ್ಡರ್ ಬೇಡ. ಪೋಮ್.ಎಕ್ಸ್‌ಎಂಎಲ್‌ನಂಥ ಬಿಲ್ಡ್ ಫೈಲ್ ಓದಿ ಇಂಟೆಲ್ಲಿಜೆ ಅವನ್ನು ಪ್ರತಿ ಮಷೀನಿನಲ್ಲೂ ಹೊಸದಾಗಿ ಮಾಡಿಕೊಳ್ಳುತ್ತದೆ.

ನಾ ಕಮಿಟ್ ಮಾಡಿದ್ರ ಮಿಸ್ಕ್.ಎಕ್ಸ್‌ಎಂಎಲ್‌ನ್ಯಾಗ ಒಂದ ಸಾಲು ಬದಲಾಗ್ತೈತಿ, ಅವ ಮಾಡಿದ್ರ ವಾಪಸ್ ಆಗ್ತೈತಿ. ಏನ್ ಭೂತ ಇದು?

ಆ ಸಾಲಿನಲ್ಲಿ ಜೆಡಿಕೆಯ (ಜಾವಾ ಕೋಡ್ ಬಿಲ್ಡ್ ಮಾಡುವ ಸಾಧನಗಳ ಕಂತೆ) ಹೆಸರಿದೆ ನೋಡಿ. ನಿಮ್ಮ ಮಷೀನಿನಲ್ಲಿ ಅದೇ ಜಾವಾ 17ಕ್ಕೆ "17" ಎಂದು ಹೆಸರಿಟ್ಟಿದ್ದೀರಿ, ಅವರಲ್ಲಿ "ಟೆಮುರಿನ್-17" ಎಂದಿದೆ. ಇಂಟೆಲ್ಲಿಜೆ ಬರೆದಿಡುವುದು ನೀವು ಕೊಟ್ಟ ಹೆಸರನ್ನು. ಪ್ರಾಜೆಕ್ಟ್ ಸ್ಟ್ರಕ್ಚರ್ ತೆರೆದು ಎಸ್‌ಡಿಕೆ ಪಟ್ಟಿಯಲ್ಲಿ ಎಲ್ಲರೂ ಒಂದೇ ಹೆಸರಿಟ್ಟುಕೊಂಡರೆ ಭೂತ ಬಿಡುತ್ತದೆ. "17" ಎಂದಷ್ಟೇ ಇಡುವುದು ಸುಲಭ.

ಎಕ್ಲಿಪ್ಸ್, ಸಬ್ಲೈಮ್, ಆಂಡ್ರಾಯ್ಡ್ ಸ್ಟುಡಿಯೋ ಬಳಸುವವರಿಗೆ?

ಎಕ್ಲಿಪ್ಸ್‌ನಲ್ಲಿ ಮೇವನ್ ಅಥವಾ ಗ್ರೇಡಲ್ ಇದ್ದರೆ .ಪ್ರಾಜೆಕ್ಟ್, .ಕ್ಲಾಸ್‌ಪಾಥ್, .ಸೆಟ್ಟಿಂಗ್ಸ್ ಮೂರನ್ನೂ ಬಿಡಿ; ಇಲ್ಲದ ಹಳೆಯ ಪ್ರಾಜೆಕ್ಟಾದರೆ .ಪ್ರಾಜೆಕ್ಟ್, .ಕ್ಲಾಸ್‌ಪಾಥ್ ಹಾಕದೆ ವಿಧಿಯಿಲ್ಲ. ಸಬ್ಲೈಮ್‌ನಲ್ಲಿ .ಸಬ್ಲೈಮ್-ಪ್ರಾಜೆಕ್ಟ್ ಒಳಗೆ, .ಸಬ್ಲೈಮ್-ವರ್ಕ್‌ಸ್ಪೇಸ್ ಹೊರಗೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ .ಐಡಿಯಾದ ಜೊತೆ ಲೋಕಲ್.ಪ್ರಾಪರ್ಟೀಸ್ ಮೇಲೂ ಕಣ್ಣಿರಲಿ. ಅದರಲ್ಲಿ ನಿಮ್ಮ ಎಸ್‌ಡಿಕೆಯ ದಾರಿ ಇರುತ್ತದೆ, ಬೇರೆಯವರ ಮಷೀನಿನಲ್ಲಿ ಅದು ಸಿಗುವುದಿಲ್ಲ.

## ಗಿಟ್ ಜೊತೆಗಿನ ತಕರಾರು

ಗಿಟ್‌ಇಗ್ನೋರ್‌ನ್ಯಾಗ ಹಾಕೇನಿ, ಆದ್ರೂ ಆ ಫೈಲ್ ಬರಾಕತ್ತೈತಿ. ಯಾಕ?

ಗಿಟ್ ಈಗಾಗಲೇ ಹಿಂಬಾಲಿಸುತ್ತಿರುವ ಫೈಲಿನ ಮೇಲೆ .ಗಿಟ್‌ಇಗ್ನೋರ್‌ನ ಅಧಿಕಾರ ನಡೆಯುವುದಿಲ್ಲ. ಮೊದಲು ಪಟ್ಟಿಯಿಂದ ತೆಗೆಯಬೇಕು:

```
ಗಿಟ್ ಆರ್‌ಎಂ --ಕ್ಯಾಶ್ಡ್ .ಐಡಿಯಾ/ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್
```

ಆಮೇಲೆ ಕಮಿಟ್. "--ಕ್ಯಾಶ್ಡ್" ಇದ್ದರೆ ಫೈಲ್ ನಿಮ್ಮ ಡಿಸ್ಕಿನಲ್ಲಿ ಉಳಿಯುತ್ತದೆ, ಮರೆತರೆ ಅಲ್ಲಿಂದಲೂ ಹೋಗುತ್ತದೆ. ಪೂರಾ ಫೋಲ್ಡರಿಗಾದರೆ "-ಆರ್" ಸೇರಿಸಿ. ಇಂಥವು ಇನ್ನೂ ಎಷ್ಟಿವೆ ಎಂದು ನೋಡಲು "ಗಿಟ್ ಎಲ್‌ಎಸ್-ಫೈಲ್ಸ್ -ಸಿ -ಐ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್" ಹೊಡೆಯಿರಿ. ಇಗ್ನೋರ್ ಪಟ್ಟಿಯಲ್ಲಿದ್ದೂ ಕಮಿಟ್ ಆಗಿರುವ ಎಲ್ಲ ಫೈಲ್‌ಗಳು ಸಾಲಾಗಿ ಬರುತ್ತವೆ.

ಉಲ್ಟಾ ತೊಂದರೆಯೂ ಉಂಟು, ಬೇಕಾದ ಫೈಲ್ ಬಾರದಿರುವುದು. ಆಗ "ಗಿಟ್ ಚೆಕ್-ಇಗ್ನೋರ್ -ವಿ" ಬರೆದು ಮುಂದೆ ಫೈಲಿನ ಹೆಸರು ಕೊಡಿ. ಯಾವ ಫೈಲಿನ ಎಷ್ಟನೇ ಸಾಲು ತಡೆಯುತ್ತಿದೆ ಎಂದು ಹೇಳುತ್ತದೆ.

ಒಬ್ಬಾವ ಫೈಲ್ ತಗದು ಪುಶ್ ಮಾಡಿದ. ನಾವು ಪುಲ್ ಮಾಡಿದ ಕೂಡ್ಲೇ ನಮ್ಮ ರನ್ ಕಾನ್ಫಿಗರೇಶನ್ ಎಲ್ಲಾ ಮಾಯ!

"--ಕ್ಯಾಶ್ಡ್" ಉಳಿಸುವುದು ಕಮಾಂಡ್ ಕೊಟ್ಟವರ ಡಿಸ್ಕಿನ ಫೈಲನ್ನಷ್ಟೇ. ಉಳಿದವರ ಪಾಲಿಗೆ ಅದೊಂದು "ಫೈಲ್ ಅಳಿಸಿದೆ" ಎಂಬ ಕಮಿಟ್. ಪುಶ್ ಅಂದರೆ ಕಮಿಟ್‌ಗಳನ್ನು ಸರ್ವರಿಗೆ ಕಳಿಸುವುದು, ಪುಲ್ ಅಂದರೆ ಅಲ್ಲಿಂದ ತರುವುದು. ಪುಲ್ ಮಾಡಿದಾಗ ಗಿಟ್ ಪ್ರಾಮಾಣಿಕವಾಗಿ ಅವರಲ್ಲೂ ಅಳಿಸುತ್ತದೆ. ಫೈಲಿನಲ್ಲಿ ಕಮಿಟ್ ಆಗದ ಬದಲಾವಣೆ ಇದ್ದರೆ ಮಾತ್ರ ಪುಲ್ ಅಲ್ಲೇ ನಿಂತು ದೂರು ಹೇಳುತ್ತದೆ.

ಪುಲ್ ಆದ ತಕ್ಷಣ, ಬೇರೆ ಏನೂ ಮಾಡುವ ಮೊದಲು, ವಾಪಸ್ ತರಬಹುದು:

```
ಗಿಟ್ ರಿಸ್ಟೋರ್ --ಸೋರ್ಸ್=ಒರಿಜ್_ಹೆಡ್ .ಐಡಿಯಾ/ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್
```

ಒರಿಜ್_ಹೆಡ್ ಅಂದರೆ ಪುಲ್‌ಗೆ ಮುಂಚಿನ ಸ್ಥಿತಿ; ಅದನ್ನು ದೊಡ್ಡಕ್ಷರದಲ್ಲೇ ಬರೆಯಬೇಕು. ಈ ಕಮಾಂಡ್ ಫೈಲನ್ನು ಡಿಸ್ಕಿಗೆ ಮಾತ್ರ ತರುತ್ತದೆ, ಪಟ್ಟಿಗೆ ಸೇರಿಸುವುದಿಲ್ಲ, ಹಾಗಾಗಿ ಮತ್ತೆ ಕಮಿಟ್ ಆಗುವ ಭಯವಿಲ್ಲ. ಇಂಥ ಸ್ವಚ್ಛತೆ ಮಾಡುವವರು ಹಿಂದಿನ ದಿನವೇ ವಾಟ್ಸ್ಆ್ಯಪ್ ಗುಂಪಿನಲ್ಲಿ "ನಾಳೆ ಪುಲ್ ಮಾಡೋ ಮುಂಚೆ .ಐಡಿಯಾ ಕಾಪಿ ಇಟ್ಕೊಳ್ರಿ" ಎಂದು ಹಾಕಿದರೆ ಎಲ್ಲರಿಗೂ ನೆಮ್ಮದಿ.

ಮ್ಯಾಕ್‌ನ .ಡಿಎಸ್_ಸ್ಟೋರ್, ವಿಮ್‌ನ ಎಸ್‌ಡಬ್ಲ್ಯೂಪಿ ಇವೆಲ್ಲ ಪ್ರಾಜೆಕ್ಟಿನ ಗಿಟ್‌ಇಗ್ನೋರ್‌ಗೆ ಹಾಕಬೇಕೇ?

ಹಾಕಿದರೆ ಹಾನಿಯಿಲ್ಲ, ಆದರೆ ಸರಿಯಾದ ಜಾಗ ನಿಮ್ಮ ಸ್ವಂತದ ಇಗ್ನೋರ್ ಪಟ್ಟಿ. "ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಎಕ್ಸ್‌ಕ್ಲೂಡ್ಸ್‌ಫೈಲ್" ಬರೆದು ಮುಂದೆ ಹೋಮ್ ಫೋಲ್ಡರಿನ ಒಂದು ಫೈಲಿನ ದಾರಿ ಕೊಡಿ. ಅಲ್ಲಿ ಬರೆದದ್ದು ನಿಮ್ಮ ಎಲ್ಲ ರೆಪೊಗಳಿಗೂ ಅನ್ವಯ. ಒಂದೇ ರೆಪೊಗೆ, ನಿಮಗೆ ಮಾತ್ರ ಬೇಕಾದ ನಿಯಮವಾದರೆ .ಗಿಟ್/ಇನ್ಫೋ/ಎಕ್ಸ್‌ಕ್ಲೂಡ್ ಫೈಲಿನಲ್ಲಿ ಬರೆಯಿರಿ, ಅದು ಯಾರಿಗೂ ಹೋಗುವುದಿಲ್ಲ.

ಕಾಲೇಜು ತಂಡಗಳಿಗೊಂದು ಕಿವಿಮಾತು: ಎಲ್ಲರೂ ಗ್ಲೋಬಲ್ ಪಟ್ಟಿ ಮಾಡಿಕೊಳ್ಳುತ್ತಾರೆ ಎಂದು ನಂಬಿ ಕೂರಬೇಡಿ. ಪ್ರಾಜೆಕ್ಟಿನ ಫೈಲಿಗೇ ಹಾಕಿಬಿಡಿ.

"ಅಸ್ಯೂಮ್-ಅನ್‌ಚೇಂಜ್ಡ್" ಹಚ್ಚಿದ್ರ ನನ್ನ ಬದಲಾವಣೆ ಗಿಟ್‌ಗೆ ಕಾಣಂಗಿಲ್ಲ ಅಂತ ಗೆಳೆಯ ಹೇಳಿದ. ಹಚ್ಚಲೇನು?

ಬೇಡ. ಅದು ನಿಧಾನದ ಡಿಸ್ಕಿನಲ್ಲಿ ಗಿಟ್‌ನ ಕೆಲಸ ಹಗುರ ಮಾಡಲು ಇರುವ ಸೌಲಭ್ಯ. ಬದಲಾವಣೆ ಮುಚ್ಚಿಡಲು ಅಲ್ಲ. "ಸ್ಕಿಪ್-ವರ್ಕ್‌ಟ್ರೀ" ಎಂಬ ಅದರ ತಮ್ಮನೂ ಇದಕ್ಕಾಗಿ ಬಂದವನಲ್ಲ. ಹಚ್ಚಿ ಎರಡು ತಿಂಗಳಾದ ಮೇಲೆ ಬೇರೆಯವರು ಅದೇ ಫೈಲ್ ತಿದ್ದುತ್ತಾರೆ, ನಿಮ್ಮ ಪುಲ್ ನಿಲ್ಲುತ್ತದೆ, "ಗಿಟ್ ಸ್ಟೇಟಸ್" ನೋಡಿದರೆ ಎಲ್ಲ ಸರಿಯಿದೆ ಎನ್ನುತ್ತದೆ. ಅಷ್ಟರಲ್ಲಿ ಹಚ್ಚಿದ್ದೇ ನೆನಪಿರುವುದಿಲ್ಲ. ಈಗಾಗಲೇ ಈ ಸ್ಥಿತಿಯಲ್ಲಿದ್ದರೆ "ಗಿಟ್ ಎಲ್‌ಎಸ್-ಫೈಲ್ಸ್ -ವಿ" ಹೊಡೆಯಿರಿ: ಸಾಲಿನ ಮೊದಲಿಗೆ ದೊಡ್ಡ ಎಸ್ ಇದ್ದರೆ ಸ್ಕಿಪ್-ವರ್ಕ್‌ಟ್ರೀ, ಸಣ್ಣ ಅಕ್ಷರ ಇದ್ದರೆ ಅಸ್ಯೂಮ್-ಅನ್‌ಚೇಂಜ್ಡ್. "ಗಿಟ್ ಅಪ್‌ಡೇಟ್-ಇಂಡೆಕ್ಸ್ --ನೋ-ಸ್ಕಿಪ್-ವರ್ಕ್‌ಟ್ರೀ" ಅಥವಾ "--ನೋ-ಅಸ್ಯೂಮ್-ಅನ್‌ಚೇಂಜ್ಡ್" ಕೊಟ್ಟು ಬಿಡಿಸಿ.

ನೇರ ದಾರಿ ಬೇರೆ ಇದೆ. ಮಾದರಿ ಫೈಲನ್ನು "ಲೋಕಲ್.ಎಕ್ಸಾಂಪಲ್" ಥರದ ಹೆಸರಿನಲ್ಲಿ ಕಮಿಟ್ ಮಾಡಿ, ಪ್ರತಿಯೊಬ್ಬರೂ ಅದರ ನಕಲು ಮಾಡಿ ತಮ್ಮದನ್ನು ಬರೆದುಕೊಳ್ಳಲಿ, ನಕಲಿನ ಹೆಸರು ಇಗ್ನೋರ್ ಪಟ್ಟಿಯಲ್ಲಿರಲಿ.

ಲಾಂಚ್.ಜೆಸನ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಪುಶ್ ಆಗಿಬಿಟ್ಟಿದೆ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಸಾಕೇ?

ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಕೂತಿರುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ, ಈ ಪುಟ ಓದುವುದನ್ನು ಬಿಟ್ಟು ಈಗಲೇ. ಇತಿಹಾಸ ತೊಳೆಯುವುದು ಆಮೇಲಿನ ಕೆಲಸ: ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯ ಮೇಲೆ "ಗಿಟ್ ಫಿಲ್ಟರ್-ರೆಪೊ" ಓಡಿಸಿ, ಫೋರ್ಸ್ ಪುಶ್ ಮಾಡಿ, ಎಲ್ಲರೂ ಮತ್ತೆ ಕ್ಲೋನ್ ಮಾಡಬೇಕು. ಯಾರಾದರೂ ಒಬ್ಬರು ಹಳೆಯ ಪ್ರತಿಯಿಂದ ಮರ್ಜ್ ಮಾಡಿ ಪುಶ್ ಮಾಡಿದರೆ ಕೊಳೆ ಮತ್ತೆ ಬರುತ್ತದೆ. ಪಾಸ್‌ವರ್ಡ್ ಬದಲಾಗಿ, ರೆಪೊ ಖಾಸಗಿಯಾಗಿದ್ದರೆ ಇತಿಹಾಸ ತೊಳೆಯದೆ ಬಿಟ್ಟರೂ ನಡೆಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮುಂದಕ್ಕೆ, ಲಾಂಚ್.ಜೆಸನ್‌ನಲ್ಲಿ "ಎನ್ವ್‌ಫೈಲ್" ಎಂಬ ಕೀ ಬಳಸಿ, ಪಾಸ್‌ವರ್ಡ್‌ನಂಥ ಗುಟ್ಟುಗಳನ್ನು ಬರೆದಿಟ್ಟ .ಎನ್ವ್ ಫೈಲಿನ ದಾರಿ ಕೊಡಿ. ನೋಡ್, ಪೈಥಾನ್ ಡಿಬಗರ್‌ಗಳು ಇದನ್ನು ಓದುತ್ತವೆ. .ಎನ್ವ್ ಇಗ್ನೋರ್ ಪಟ್ಟಿಯಲ್ಲಿರಲಿ. ಇಂಟೆಲ್ಲಿಜೆಯ ಡೇಟಾಬೇಸ್ ಕಿಟಕಿ ಪಾಸ್‌ವರ್ಡನ್ನು ಪ್ರಾಜೆಕ್ಟ್ ಫೈಲಿನಲ್ಲಿ ಇಡುವುದಿಲ್ಲ. ಆದರೆ ಕನೆಕ್ಷನ್ ವಿಳಾಸದ ಒಳಗೇ ಪಾಸ್‌ವರ್ಡ್ ತುರುಕಿದ್ದರೆ ಅದು ಡೇಟಾಸೋರ್ಸಸ್.ಎಕ್ಸ್‌ಎಂಎಲ್‌ಗೆ ಇದ್ದ ಹಾಗೇ ಹೋಗುತ್ತದೆ.

## ಸಾಲು, ಜಾಗ, ಕನ್ನಡ ಅಕ್ಷರ

ಒಂದ ಸಾಲು ತಿದ್ದೇನಿ, ಡಿಫ್‌ನ್ಯಾಗ ಪೂರಾ ಫೈಲ್ ಕೆಂಪು-ಹಸಿರು ಆಗೈತಿ.

ಡಿಫ್ ಅಂದರೆ ಹಳೆಯದು, ಹೊಸದು ಹೋಲಿಸಿ ಏನು ಬದಲಾಯಿತೆಂದು ತೋರಿಸುವ ನೋಟ. ಹೆಚ್ಚಿನ ಸಲ ಇದು ಸಾಲಿನ ಕೊನೆಯ ಗುರುತಿನ ತೊಂದರೆ. ವಿಂಡೋಸ್ ರೂಢಿಯಲ್ಲಿ ಪ್ರತಿ ಸಾಲಿನ ಕೊನೆಗೆ ಎರಡು ಅಕ್ಷರ (ಸಿಆರ್‌ಎಲ್‌ಎಫ್), ಲಿನಕ್ಸ್, ಮ್ಯಾಕ್‌ನಲ್ಲಿ ಒಂದು (ಎಲ್‌ಎಫ್). ವಿಎಸ್ ಕೋಡ್‌ನ ಕೆಳಪಟ್ಟಿಯಲ್ಲಿ ಬಲಗಡೆ ಯಾವುದಿದೆ ಎಂದು ಕಾಣುತ್ತದೆ. ಪ್ರತಿಯೊಬ್ಬರ "ಆಟೋಸಿಆರ್‌ಎಲ್‌ಎಫ್" ಸೆಟ್ಟಿಂಗ್ ಹುಡುಕುತ್ತ ಹೋಗುವ ಬದಲು ರೆಪೊದಲ್ಲೇ .ಗಿಟ್‌ಆ್ಯಟ್ರಿಬ್ಯೂಟ್ಸ್ ಇಡಿ:

```
* ಟೆಕ್ಸ್ಟ್=ಆಟೋ ಇಒಎಲ್=ಎಲ್‌ಎಫ್
*.ಬ್ಯಾಟ್ ಟೆಕ್ಸ್ಟ್ ಇಒಎಲ್=ಸಿಆರ್‌ಎಲ್‌ಎಫ್
```

ನಂತರ "ಗಿಟ್ ಆ್ಯಡ್ --ರೀನಾರ್ಮಲೈಜ್ ." ಮಾಡಿ ಒಂದೇ ಕಮಿಟ್‌ನಲ್ಲಿ ಮುಗಿಸಿ. ಯಾರದೂ ಬ್ರಾಂಚ್ (ಬೇರೆಯಾಗಿ ನಡೆಸುತ್ತಿರುವ ಕೆಲಸದ ಕವಲು) ಬಾಕಿ ಇಲ್ಲದ ಹೊತ್ತು ನೋಡಿ ಮಾಡಬೇಕು, ಇಲ್ಲದಿದ್ದರೆ ತೆರೆದಿರುವ ಪ್ರತಿ ಬ್ರಾಂಚಿಗೂ ಕಾನ್‌ಫ್ಲಿಕ್ಟ್. ಇದನ್ನು ಮಾಡದೆ ಬಿಟ್ಟರೆ ಬರೀ ಡಿಫ್ ಕೆಡುವುದಲ್ಲ: ಸಿಆರ್‌ಎಲ್‌ಎಫ್ ಇರುವ ಶೆಲ್ ಸ್ಕ್ರಿಪ್ಟ್ ಲಿನಕ್ಸ್ ಸರ್ವರ್ ಮೇಲೆ "ಬ್ಯಾಡ್ ಇಂಟರ್‌ಪ್ರಿಟರ್" ಎಂದು ನಿಂತುಬಿಡುತ್ತದೆ, ಕಣ್ಣಿಗೆ ಏನೂ ತಪ್ಪು ಕಾಣುವುದಿಲ್ಲ.

.ಎಡಿಟರ್‌ಕಾನ್ಫಿಗ್ ಒಂದೇ ಇದ್ದರೆ ಎಲ್ಲ ಎಡಿಟರ್‌ಗೂ ಸಾಕೇ?

ಇಂಡೆಂಟ್, ಸಾಲಿನ ಕೊನೆ, ಬಾಲದ ಖಾಲಿ ಜಾಗ ಇವಿಷ್ಟಕ್ಕೆ ಸಾಕು. ಇಂಟೆಲ್ಲಿಜೆ, ವಿಷುವಲ್ ಸ್ಟುಡಿಯೋ ತಾವಾಗಿ ಓದುತ್ತವೆ. ವಿಎಸ್ ಕೋಡ್‌ಗೆ ಎಕ್ಸ್‌ಟೆನ್ಶನ್ ಹಾಕಬೇಕು. ಅದರ ಹೆಸರನ್ನು ಎಕ್ಸ್‌ಟೆನ್ಶನ್ಸ್.ಜೆಸನ್‌ನಲ್ಲಿ ಬರೆದರೆ ತೆರೆದ ಕೂಡಲೇ "ಹಾಕಿಕೊಳ್ಳಲೇ?" ಎಂದು ಅದೇ ಕೇಳುತ್ತದೆ. ಪ್ರಾಜೆಕ್ಟಿನ ಬುಡದ .ಎಡಿಟರ್‌ಕಾನ್ಫಿಗ್‌ನಲ್ಲಿ "ರೂಟ್ = ಟ್ರೂ" ಇರಲಿ, ಇಲ್ಲದಿದ್ದರೆ ಎಡಿಟರ್ ಮೇಲಿನ ಫೋಲ್ಡರ್‌ಗಳಲ್ಲೂ ಹುಡುಕುತ್ತ ಹೋಗುತ್ತದೆ.

ಎರಡು ಕಡೆ ವಿನಾಯಿತಿ ಕೊಡಿ. ಮೇಕ್‌ಫೈಲ್‌ಗೆ ಟ್ಯಾಬ್ ಬೇಕೇ ಬೇಕು, ಸ್ಪೇಸ್ ಮಾಡಿದರೆ ಓಡುವುದಿಲ್ಲ. ಮಾರ್ಕ್‌ಡೌನ್‌ನಲ್ಲಿ ಸಾಲಿನ ಕೊನೆಯ ಎರಡು ಸ್ಪೇಸ್ ಅಂದರೆ ಸಾಲು ಮುರಿ ಎಂದರ್ಥ. ಬಾಲ ಕತ್ತರಿಸುವ ನಿಯಮ ಅಲ್ಲಿ ಬೇಡ.

ನಿಲ್ದಾಣದ ಹೆಸರು ಕನ್ನಡದಾಗ ಬರದೇವಿ. ಒಬ್ಬರ ಕಡೆ ಚಂದ ಕಾಣ್ತಾವು, ಇನ್ನೊಬ್ಬರು ಸೇವ್ ಮಾಡಿದ್ರ ಕೆಡ್ತಾವು.

ಕಾರಣ ಒಂದಲ್ಲ. ಒಂದೊಂದಾಗಿ ನೋಡಿ.

ಜಾವಾದ .ಪ್ರಾಪರ್ಟೀಸ್ ಫೈಲ್ ಇದ್ದರೆ ಮೊದಲ ಸಂಶಯ ಅದರ ಮೇಲೆ. ಜಾವಾ 8ರವರೆಗೆ ಆ ಫೈಲ್ ಓದುತ್ತಿದ್ದದ್ದು ಹಳೆಯ ಲ್ಯಾಟಿನ್ ಎನ್‌ಕೋಡಿಂಗ್‌ನಲ್ಲಿ. ಜಾವಾ 9ರಿಂದ ರಿಸೋರ್ಸ್ ಬಂಡಲ್‌ಗಳನ್ನು (ಪರದೆಯ ಮಾತುಗಳನ್ನು ಭಾಷೆವಾರು ಇಡುವ ಫೈಲ್‌ಗಳು) ಎಲ್ಲ ಭಾಷೆಯ ಅಕ್ಷರ ಹಿಡಿಸುವ ಯುಟಿಎಫ್-8ರಲ್ಲಿ ಓದುತ್ತದೆ, ಆದರೆ ಇನ್‌ಪುಟ್ ಸ್ಟ್ರೀಮ್ ಕೊಟ್ಟು ಪ್ರಾಪರ್ಟೀಸ್ ಲೋಡ್ ಮಾಡಿದರೆ ಈಗಲೂ ಲ್ಯಾಟಿನ್ನೇ. ರೀಡರ್ ಕೊಟ್ಟು ಯುಟಿಎಫ್-8 ಎಂದು ಹೇಳಬೇಕು. ಇನ್ನೊಂದು ಕಡೆ ಇಂಟೆಲ್ಲಿಜೆಯ ಫೈಲ್ ಎನ್‌ಕೋಡಿಂಗ್ಸ್ ಪುಟದಲ್ಲಿ "ಟ್ರಾನ್ಸ್‌ಪರೆಂಟ್ ನೇಟಿವ್-ಟು-ಆಸ್ಕಿ" ಎಂಬ ಚೌಕವಿದೆ. ಅದಕ್ಕೆ ಟಿಕ್ ಹಾಕಿದವರು "ಉಣಕಲ್" ಎಂದು ಬರೆದರೆ ಫೈಲಿನಲ್ಲಿ ಉಳಿಯುವುದು ಬ್ಯಾಕ್‌ಸ್ಲ್ಯಾಶ್ ಯು ಹಚ್ಚಿದ ಐದು ಸಂಕೇತಗಳು. ಅವರ ಪರದೆಯಲ್ಲಿ ಉಣಕಲ್ ಎಂದೇ ಕಾಣುತ್ತದೆ, ವಿಎಸ್ ಕೋಡ್ ಬಳಸುವವರಿಗೆ ಸಂಕೇತ ಕಾಣುತ್ತದೆ. ಈ ಸೆಟ್ಟಿಂಗ್ ಎನ್‌ಕೋಡಿಂಗ್ಸ್.ಎಕ್ಸ್‌ಎಂಎಲ್‌ನಲ್ಲಿ ಇರುತ್ತದೆ. ಆ ಫೈಲ್ ಕಮಿಟ್ ಮಾಡಿ ಎನ್ನುವುದು ಇದಕ್ಕೇ.

ಎರಡನೆಯದು, ಕಾಣದ ಅಕ್ಷರ. "ಟಿಕೆಟ್‌ಗಳು" ಎಂಬಲ್ಲಿ ಟ್ ಮತ್ತು ಗ ನಡುವೆ ಶೂನ್ಯ ಅಗಲದ ಒಂದು ಅಕ್ಷರವಿದೆ, ಅದು ಹೋದರೆ "ಟಿಕೆಟ್ಗಳು" ಎಂದು ಒತ್ತಕ್ಷರವಾಗುತ್ತದೆ. ವಿಎಸ್ ಕೋಡ್ ಕಾಣದ ಅಕ್ಷರಗಳಿಗೆ ಎಚ್ಚರಿಕೆಯ ಚೌಕಟ್ಟು ಹಾಕುತ್ತದೆ. ಅದನ್ನು ಕಂಡು ಕಸ ಎಂದು ತಿಳಿದು ಅಳಿಸುವವರಿದ್ದಾರೆ, ಎಲ್ಲ ಫೈಲಿನಿಂದಲೂ ಒಮ್ಮೆಲೇ ತೆಗೆಯುವ ಸ್ಕ್ರಿಪ್ಟ್ ಬರೆಯುವವರೂ ಇದ್ದಾರೆ. ಪ್ರಾಜೆಕ್ಟಿನ ಸೆಟ್ಟಿಂಗ್ಸ್.ಜೆಸನ್‌ನಲ್ಲಿ ಯೂನಿಕೋಡ್‌ಹೈಲೈಟ್‌ನ "ಅಲೋಡ್ ಕ್ಯಾರೆಕ್ಟರ್ಸ್" ಕೆಳಗೆ ಆ ಒಂದು ಅಕ್ಷರಕ್ಕೆ ಅನುಮತಿ ಕೊಡಿ. ಎಚ್ಚರಿಕೆಯನ್ನೇ ಪೂರ್ತಿ ಬಂದ್ ಮಾಡಬೇಡಿ, ಕೋಡ್‌ನಲ್ಲಿ ಅದರ ಉಪಯೋಗವಿದೆ.

ಮೂರನೆಯದು, ಕನ್ನಡ ಟೈಪಿಂಗ್ ಸಾಫ್ಟ್‌ವೇರ್ "ನುಡಿ"ಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಾದ ಕಡತದಿಂದ ನಕಲು ಮಾಡಿದ ಹೆಸರುಗಳು. ಅವು ಎಡಿಟರ್‌ನಲ್ಲಿ ವಿಚಿತ್ರ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತವೆ. ಇದಕ್ಕೆ ಎಡಿಟರ್ ಸೆಟ್ಟಿಂಗ್ ಉತ್ತರವಲ್ಲ. ಯೂನಿಕೋಡ್‌ಗೆ ಪರಿವರ್ತಿಸಿಯೇ ರೆಪೊಗೆ ತರಬೇಕು.

ಕನ್ನಡದ ಫೈಲ್ ಹೆಸರೇ ಇದ್ದರೆ "ಗಿಟ್ ಸ್ಟೇಟಸ್" ಅದನ್ನು ಅಂಕಿಗಳಲ್ಲಿ ತೋರಿಸುತ್ತದೆ: ಕ ಇದ್ದಲ್ಲಿ \340\262\225. ಫೈಲ್ ಕೆಟ್ಟಿಲ್ಲ. "ಗಿಟ್ ಕಾನ್ಫಿಗ್ ಕೋರ್.ಕೋಟ್‌ಪಾಥ್ ಫಾಲ್ಸ್" ಮಾಡಿದರೆ ಕನ್ನಡ ಕಾಣುತ್ತದೆ.

ಇಡೀ ಕೋಡ್‌ಗೆ ಒಮ್ಮೆ ಫಾರ್ಮ್ಯಾಟರ್ ಓಡಿಸಿದ್ವಿ. ಈಗ ಬ್ಲೇಮ್ ನೋಡಿದ್ರ ಎಲ್ಲಾ ಸಾಲಿಗೂ ನನ್ನ ಹೆಸರ!

ಬ್ಲೇಮ್ ಅಂದರೆ ಪ್ರತಿ ಸಾಲನ್ನು ಕೊನೆಗೆ ತಿದ್ದಿದವರು ಯಾರೆಂದು ತೋರಿಸುವ ಗಿಟ್ ಕಮಾಂಡ್. ಫಾರ್ಮ್ಯಾಟರ್ ಓಡಿಸಿದ ಆ ಕಮಿಟ್‌ನ ಪೂರ್ತಿ 40 ಅಕ್ಷರದ ಹ್ಯಾಶನ್ನು (ಕಮಿಟ್‌ನ ಗುರುತು) .ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಎಂಬ ಫೈಲಿನಲ್ಲಿ ಬರೆದು ಕಮಿಟ್ ಮಾಡಿ. ಗಿಟ್‌ಹಬ್ ಈ ಹೆಸರನ್ನು ತಾನೇ ಗುರುತಿಸುತ್ತದೆ. ನಿಮ್ಮ ಮಷೀನಿನಲ್ಲಿ "ಗಿಟ್ ಕಾನ್ಫಿಗ್ ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್" ಬರೆದು ಮುಂದೆ ಆ ಫೈಲಿನ ಹೆಸರು ಕೊಡಿ, ಗಿಟ್ 2.23 ಅಥವಾ ಅದರ ನಂತರದ್ದು ಬೇಕು. ಫಾರ್ಮ್ಯಾಟಿಂಗ್ ಬ್ರಾಂಚನ್ನು ಸ್ಕ್ವಾಶ್ ಮಾಡಿ (ಅದರ ಕಮಿಟ್‌ಗಳನ್ನೆಲ್ಲ ಒಂದಾಗಿಸಿ) ಮರ್ಜ್ ಮಾಡಿದರೆ ಹ್ಯಾಶ್ ಬದಲಾಗುತ್ತದೆ, ಆದ್ದರಿಂದ ಮರ್ಜ್ ಆದ ಮೇಲೆ ಮುಖ್ಯ ಬ್ರಾಂಚಿನ ಹ್ಯಾಶನ್ನೇ ಬೇರೆ ಕಮಿಟ್‌ನಲ್ಲಿ ಬರೆಯಿರಿ.

## ಸ್ವಲ್ಪ ಮುಂದೆ ಹೋದವರಿಗೆ

ನನ್ನದು ವಿಂಡೋಸ್, ಅವರದು ಉಬುಂಟು. ಒಂದೇ ಲಾಂಚ್.ಜೆಸನ್ ಇಬ್ಬರಿಗೂ ನಡೆಸಬಹುದೇ?

ನಡೆಸಬಹುದು. ಪೂರ್ತಿ ದಾರಿ ಬರೆಯುವಲ್ಲೆಲ್ಲ ಡಾಲರ್ ಚಿಹ್ನೆ, ಪುಷ್ಪಾವರಣದೊಳಗೆ "ವರ್ಕ್‌ಸ್ಪೇಸ್‌ಫೋಲ್ಡರ್" ಎಂದು ಬರೆಯಿರಿ. ಫೋಲ್ಡರ್ ಎಲ್ಲೇ ಇದ್ದರೂ ಸರಿಹೋಗುತ್ತದೆ. ಮಷೀನಿನಿಂದ ಮಷೀನಿಗೆ ಬೇರೆಯಾಗುವ ಮೌಲ್ಯಕ್ಕೆ ಅದೇ ರೀತಿ "ಎನ್ವ್:" ಮತ್ತು ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಹೆಸರು. ಆಪರೇಟಿಂಗ್ ಸಿಸ್ಟಂಗೆ ತಕ್ಕಂತೆ ಬದಲಾಗುವುದಾದರೆ ಅದೇ ಸಂರಚನೆಯೊಳಗೆ "ವಿಂಡೋಸ್", "ಲಿನಕ್ಸ್", "ಒಎಸ್‌ಎಕ್ಸ್" ಎಂಬ ಉಪಭಾಗಗಳಿಗೆ ಅವಕಾಶವಿದೆ.

ರೆಪೊದಲ್ಲಿ ಸರ್ವರ್, ಪರದೆ ಎರಡು ಫೋಲ್ಡರ್. ಪರದೆ ಫೋಲ್ಡರ್ ಒಳಗಿನ .ವಿಎಸ್‌ಕೋಡ್ ಕೆಲಸಾನೇ ಮಾಡವಲ್ದು.

ವಿಎಸ್ ಕೋಡ್ ಓದುವುದು ನೀವು ತೆರೆದ ಫೋಲ್ಡರಿನ ಬುಡದಲ್ಲಿರುವ .ವಿಎಸ್‌ಕೋಡ್ ಒಂದನ್ನೇ. ರೆಪೊ ಪೂರ್ತಿ ತೆರೆದರೆ ಒಳಗಿನದು ಲೆಕ್ಕಕ್ಕಿಲ್ಲ. ಪರದೆ ಫೋಲ್ಡರ್ ಮಾತ್ರ ತೆರೆದರೆ ಮೇಲಿನದು ಲೆಕ್ಕಕ್ಕಿಲ್ಲ. ಎರಡೂ ಬೇಕೆಂದರೆ ಎರಡು ಫೋಲ್ಡರ್‌ಗಳನ್ನೂ ಸೇರಿಸಿದ .ಕೋಡ್-ವರ್ಕ್‌ಸ್ಪೇಸ್ ಫೈಲ್ ರೆಪೊದ ಬುಡದಲ್ಲಿ ಕಮಿಟ್ ಮಾಡಿ, ದಾರಿಗಳನ್ನು ಆ ಫೈಲಿನಿಂದ ಸಾಪೇಕ್ಷವಾಗಿ ಬರೆಯಿರಿ. ಆಗ ಫಾರ್ಮ್ಯಾಟರ್‌ನಂಥ ಸೆಟ್ಟಿಂಗ್ ಫೋಲ್ಡರಿಗೊಂದು ಇರಬಹುದು. ಇಡೀ ಕಿಟಕಿಗೆ ಸಂಬಂಧಿಸಿದ ಸೆಟ್ಟಿಂಗ್‌ಗಳನ್ನು ಮಾತ್ರ ಫೋಲ್ಡರ್ ಮಟ್ಟದಲ್ಲಿ ಕಡೆಗಣಿಸುತ್ತದೆ. ಎಡಿಟರ್‌ಕಾನ್ಫಿಗ್‌ಗೆ ಈ ತಾಪತ್ರಯವಿಲ್ಲ, ಅದು ಫೈಲ್ ಇರುವ ಜಾಗದಿಂದ ಮೇಲೆ ಹುಡುಕುತ್ತದೆ.

ನನ್ನ ಇಂಟೆಲ್ಲಿಜೆಯಲ್ಲಿ ಬಿಲ್ಡ್ ಆಗುತ್ತದೆ, ಸಿಐ ಸರ್ವರ್ ಮೇಲೆ ಆಗುವುದಿಲ್ಲ. ಎಡಿಟರ್ ಫೈಲ್ ಕಮಿಟ್ ಮಾಡಬೇಕಿತ್ತೇ?

ಇಲ್ಲ, ಬಿಲ್ಡ್ ಫೈಲ್ ತಿದ್ದಬೇಕಿತ್ತು. ಸಿಐ ಅಂದರೆ ಹೊಸ ಕೋಡ್ ಬಂದಾಗಲೆಲ್ಲ ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ ಸರ್ವರ್. ಪ್ರಾಜೆಕ್ಟ್ ಸ್ಟ್ರಕ್ಚರ್ ಕಿಟಕಿಯಲ್ಲಿ ಕೈಯಿಂದ ಸೇರಿಸಿದ ಜಾರ್ (ಜಾವಾ ಲೈಬ್ರರಿ ಫೈಲ್), ಬದಲಿಸಿದ ಜಾವಾ ಮಟ್ಟ ಇವು ಇಂಟೆಲ್ಲಿಜೆಗಷ್ಟೇ ಗೊತ್ತು, ಮೇವನ್‌ಗೆ ಗೊತ್ತಿಲ್ಲ. ಪರೀಕ್ಷೆ ಸುಲಭ: ಖಾಲಿ ಫೋಲ್ಡರಿನಲ್ಲಿ ಹೊಸದಾಗಿ ಕ್ಲೋನ್ ಮಾಡಿ, ಎಡಿಟರ್ ತೆರೆಯದೆ, ಟರ್ಮಿನಲ್‌ನಿಂದಲೇ ಬಿಲ್ಡ್ ಓಡಿಸಿ. ಅಲ್ಲಿ ಓಡದಿದ್ದರೆ .ಐಡಿಯಾದಲ್ಲಿ ಏನೋ ಅಡಗಿದೆ.

ಸಿಐ ಇದ್ದೇ ಇದ್ದರೆ ಇನ್ನೊಂದು ಕೆಲಸಕ್ಕೂ ಹಚ್ಚಬಹುದು. ಮೇಲೆ ಹೇಳಿದ "ಗಿಟ್ ಎಲ್‌ಎಸ್-ಫೈಲ್ಸ್ -ಸಿ -ಐ" ಕಮಾಂಡ್ ಒಂದಾದರೂ ಫೈಲ್ ತೋರಿಸಿದರೆ ಬಿಲ್ಡ್ ಕೆಂಪಾಗಲಿ. ರಿವ್ಯೂನಲ್ಲಿ "ಇದ್ಯಾಕೆ ಹಾಕಿದ್ದೀರಿ" ಎಂದು ಪ್ರತಿ ಸಲ ಹೇಳುವ ಮುಜುಗರ ತಪ್ಪುತ್ತದೆ.

ಅಪರಿಚಿತರ ರೆಪೊ ತೆರೆದರೆ ಅವರ .ವಿಎಸ್‌ಕೋಡ್ ಫೋಲ್ಡರ್‌ನಿಂದ ಅಪಾಯ ಇದೆಯೇ?

ಇದೆ. ಟಾಸ್ಕ್ಸ್.ಜೆಸನ್‌ನಲ್ಲಿ ಫೋಲ್ಡರ್ ತೆರೆದ ಕೂಡಲೇ ಓಡು ಎಂದು ಒಂದು ಕಮಾಂಡಿಗೆ ಗುರುತು ಹಾಕಬಹುದು. ಆ ಕಮಾಂಡ್ ಏನು ಬೇಕಾದರೂ ಆಗಿರಬಹುದು. ಇದಕ್ಕಾಗಿಯೇ 2021ರಲ್ಲಿ ವಿಎಸ್ ಕೋಡ್ "ವರ್ಕ್‌ಸ್ಪೇಸ್ ಟ್ರಸ್ಟ್" ತಂದಿತು. ಹೊಸ ಫೋಲ್ಡರ್ ತೆರೆದಾಗ ಬರೆದವರನ್ನು ನಂಬುತ್ತೀರಾ ಎಂದು ಕೇಳುವ ಕಿಟಕಿ ಅದೇ. ನಂಬುವುದಿಲ್ಲ ಎಂದರೆ ಟಾಸ್ಕ್, ಡಿಬಗ್ ಓಡುವುದಿಲ್ಲ, ಹಲವು ಎಕ್ಸ್‌ಟೆನ್ಶನ್‌ಗಳೂ ಸುಮ್ಮನಿರುತ್ತವೆ; ಕೋಡ್ ಓದಲು ಏನೂ ಅಡ್ಡಿಯಿಲ್ಲ. ಕೆಲಸದ ಸಂದರ್ಶನಕ್ಕೆಂದು ಯಾರೋ ಕಳಿಸಿದ "ಅಸೈನ್‌ಮೆಂಟ್" ರೆಪೊ ಆದರೆ ಮೊದಲು ಈ ನಿರ್ಬಂಧದಲ್ಲೇ ತೆರೆದು ಟಾಸ್ಕ್ಸ್.ಜೆಸನ್ ಮತ್ತು ಪ್ಯಾಕೇಜ್.ಜೆಸನ್‌ನ ಸ್ಕ್ರಿಪ್ಟ್ಸ್ ಭಾಗ ಎರಡನ್ನೂ ಓದಿ. ನಿಮ್ಮದೇ ತಂಡದಲ್ಲಿ ಟಾಸ್ಕ್ಸ್.ಜೆಸನ್ ಬದಲಾದ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದರೆ "ಎಡಿಟರ್ ಫೈಲ್ ತಾನೇ" ಎಂದು ದಾಟಿಸದೆ ಕೋಡ್ ಓದುವಷ್ಟೇ ಗಮನ ಕೊಟ್ಟು ಓದಿ.